ಒಂದೇ ಮನೆ, ಮೂರು ಜಿಲ್ಲೆ. ಹರಪನಹಳ್ಳಿ ಕಡೆಯವ್ರು ಯಾರಾದ್ರೂ ಇದ್ರೆ ಹೇಳ್ರಪ್ಪ

ಹರಪನಳ್ಳಿ ಹುಡುಗ

ಎಲ್ರಿಗೂ ನಮಸ್ಕಾರ. ನಮ್ಮೂರು ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿ, ತಾತನ ಕಾಲದಿಂದ ಅದೇ ಮನೆ, ಹಂಚು ತೆಗೆದು ಶೀಟ್ ಹಾಕಿದ್ದು ಬಿಟ್ರೆ ಮನೆ ಒಂದಡಿ ಆಕಡೆ ಈಕಡೆ ಸರಿದಿಲ್ಲ. ನಾನು ಹುಟ್ಟಿದ್ದು 1994, ಬರ್ತ್ ಸರ್ಟಿಫಿಕೇಟಲ್ಲಿ ಬಳ್ಳಾರಿ ಜಿಲ್ಲೆ. ತಂಗಿ 1999, ಅವಳದ್ರಲ್ಲಿ ದಾವಣಗೆರೆ ಜಿಲ್ಲೆ. ಅಣ್ಣನ ದೊಡ್ಡ ಮಗ 2020, ಮತ್ತೆ ಬಳ್ಳಾರಿ. ಚಿಕ್ಕವಳು 2022, ವಿಜಯನಗರ. ಅಣ್ಣನ ಬೈಕು ಕೆಎ 17, ನಂದು ಕೆಎ 35, ಎರಡೂ ಒಂದೇ ಬೇವಿನ ಮರದ ಕೆಳಗೆ ನಿಲ್ತಾವೆ.

ಇಷ್ಟು ದಿನ ಇದು ಮನೇಲಿ ನಗೋ ವಿಷಯ ಆಗಿತ್ತು, ಈಗ ತಂಗಿಗೆ ಒಂದು ಕೆಲಸಕ್ಕೆ 371ಜೆ (ಕಲ್ಯಾಣ ಕರ್ನಾಟಕದ ಜಿಲ್ಲೆಯವ್ರಿಗೆ ಮೀಸಲಾತಿ ಕೊಡೋ ಸಂವಿಧಾನದ ವಿಧಿ) ಅರ್ಹತಾ ಪತ್ರ ಬೇಕು, ಹೋದ ಕಡೆಯೆಲ್ಲ "ನೀವು ದಾವಣಗೆರೆಯವ್ರು ಅಂತ ಇದ್ಯಲ್ಲ, ನಿಮ್ಗೆ ಹೆಂಗೆ ಬರುತ್ತೆ" ಅಂತಾರೆ. ಒಬ್ರಂತೂ ನಿಮ್ಮಪ್ಪ ಯಾವಾಗ ಬಳ್ಳಾರಿಯಿಂದ ದಾವಣಗೆರೆಗೆ ಶಿಫ್ಟ್ ಆದ್ರು ಅಂತ ಕೇಳಿದ್ರು. ಅಪ್ಪ ಶಿಫ್ಟ್ ಆಗಿಲ್ಲ ಸರ್, ಜಿಲ್ಲೆ ಶಿಫ್ಟ್ ಆಯ್ತು ಅಂದ್ರೆ ಮುಖ ನೋಡ್ತಾರೆ.

ಎರಡು ಪ್ರಶ್ನೆ. ಇದನ್ನ ಕಾಗದದಲ್ಲಿ ಹೆಂಗೆ ತೋರಿಸೋದು? ಇನ್ನೊಂದು ಬರೀ ಕುತೂಹಲ, ಹಿಂಗೆ ಜಿಲ್ಲೆ ತಾಲೂಕು ಆಡ್ಸೋದು ನಮ್ಮೂರಿಗೆ ಮಾತ್ರನಾ, ಅಥವಾ ಬೇರೆ ಕಡೇನೂ ಜಿಲ್ಲೆಗಳು ಹುಟ್ಟಿ ಸತ್ತಿದ್ದು ಇದ್ಯಾ?

ತುಂಗಭದ್ರಾ ದಂಡೆ

ಕುತೂಹಲದ್ದು ಮೊದ್ಲು, ಯಾಕಂದ್ರೆ ನಂಗೂ ಅದೇ ಹುಚ್ಚು. ನಿಮ್ಮ ತಾಲೂಕಿನ ಕಥೆ 1800ರಿಂದ ಶುರು ಮಾಡ್ಬೇಕು. ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆ ಇದು, ಥಾಮಸ್ ಮನ್ರೋ ಬಂದು ಕಲೆಕ್ಟರ್ ಆಗಿ ಕೂತ. 1808ರಲ್ಲಿ ಅದನ್ನ ಬಳ್ಳಾರಿ, ಕಡಪ ಅಂತ ಎರಡು ಮಾಡಿದ್ರು. ಆಗಿನ ಬಳ್ಳಾರಿ ಜಿಲ್ಲೆ ಅಂದ್ರೆ ಈಗ ನಾವು ನೆನೆಸೋಕೂ ಆಗಲ್ಲ, ಅನಂತಪುರ ಪೂರ್ತಿ ಅದರೊಳಗೇ ಇತ್ತು, 1882ರಲ್ಲಿ ಅದು ಬೇರೆ ಆಯ್ತು. ಜಿಲ್ಲೆಯ ಹೊಟ್ಟೆಯೊಳಗೆ ಘೋರ್ಪಡೆಯವರ ಸಂಡೂರು ಸಂಸ್ಥಾನ ಒಂದು ದ್ವೀಪದ ಥರ ಇತ್ತು, ಅದು 1949ರಲ್ಲಿ ಮದ್ರಾಸಿಗೆ ಸೇರಿ ಬಳ್ಳಾರಿ ಜಿಲ್ಲೆಯ ಒಂದು ತಾಲೂಕಾಗಿ ಕರಗಿಹೋಯ್ತು. ಅಂದ್ರೆ ಒಂದು ರಾಜ್ಯಾನೇ ತಾಲೂಕಾಗಿದ್ದು.

ಆಮೇಲೆ 1953ರ ಅಕ್ಟೋಬರ್ 1. ಆಂಧ್ರ ರಾಜ್ಯ ಆದ ದಿನ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದ್ವು, ಉಳಿದಿದ್ದು ಮೈಸೂರಿಗೆ ಬಂತು, ಅದ್ರಲ್ಲಿ ಹರಪನಹಳ್ಳಿನೂ ಇತ್ತು. ಹಾಗಾಗಿ ನಿಮ್ಮ ತಾತನ ಹಳೇ ಪತ್ರ ಏನಾದ್ರೂ ಇದ್ರೆ ತೆಗೆದು ನೋಡಿ, ಮದ್ರಾಸ್ ಅಂತ ಇರುತ್ತೆ. ಮನೆ ಮಾತ್ರ ಅಲ್ಲೇ ಇದೆ ನೋಡಿ!

1997ರಲ್ಲಿ ಪಟೇಲರ ಸರ್ಕಾರ ಒಂದೇ ಸಲಕ್ಕೆ 7 ಹೊಸ ಜಿಲ್ಲೆ ಮಾಡ್ತು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ. ದಾವಣಗೆರೆಗೆ ಹೊಲಿದ ಬಟ್ಟೆ ಹೆಂಗಿತ್ತು ಅಂದ್ರೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ, ಚನ್ನಗಿರಿ ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಆಗ ಯಾರೂ ದೊಡ್ಡದಾಗಿ ಬೇಜಾರು ಮಾಡ್ಕೊಂಡ ಹಾಗೆ ನಂಗೆ ನೆನಪಿಲ್ಲ, ಸಂತೆ ಆಸ್ಪತ್ರೆ ಕಾಲೇಜು ಎಲ್ಲಾ ಹೆಂಗೂ ದಾವಣಗೆರೆಗೇ ಹೋಗ್ತಿದ್ರು. ಪೆಟ್ಟು ಬಿದ್ದಿದ್ದು ಆಮೇಲೆ. 371ಜೆ ಬಂದಾಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆ ಬಳ್ಳಾರಿನೂ ಸೇರಿತು, ಬಳ್ಳಾರಿ ಬಿಟ್ಟುಹೋದ ಹರಪನಹಳ್ಳಿ ಹೊರಗೆ ಉಳೀತು. ಪಕ್ಕದ ಹಡಗಲಿ ಹುಡುಗನಿಗೆ ಮೀಸಲಾತಿ, ಹಳ್ಳದ ಈಕಡೆ ಇರೋನಿಗೆ ಇಲ್ಲ. ಅದಕ್ಕೇ ಆ ಹೋರಾಟ, 2018ರಲ್ಲಿ ವಾಪಸ್ ಬಳ್ಳಾರಿಗೆ ಅಂತ ತೀರ್ಮಾನ. ಸರಿ ಅಂತ ಉಸಿರು ಬಿಡೋಷ್ಟ್ರಲ್ಲಿ 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆ.

ಇನ್ನೊಂದು ತಮಾಷೆ ನಿಮ್ಗೆ ಗೊತ್ತಿರುತ್ತೆ, ಎಂಪಿ ಎಲೆಕ್ಷನ್ನಿಗೆ ನೀವು ಈಗಲೂ ದಾವಣಗೆರೆ ಕ್ಷೇತ್ರ. ಡಿಸಿ ಹೊಸಪೇಟೆಲಿ, ಎಂಪಿ ದಾವಣಗೆರೆಯವ್ರು, ಪಿನ್‌ಕೋಡು 583ರಿಂದ ಶುರು ಅಂದ್ರೆ ಪೋಸ್ಟಿನವ್ರಿಗೆ ನೀವು ಯಾವತ್ತೂ ಬಳ್ಳಾರಿ ಬಿಟ್ಟೇ ಇಲ್ಲ. 20 ವರ್ಷ ದಾವಣಗೆರೆ ಜಿಲ್ಲೆಲಿ ಇದ್ದಾಗ್ಲೂ ಪಿನ್ ಬದಲಾಗಿಲ್ಲ.

ಘಟಪ್ರಭಾ ಗೆಳೆಯ

ತಾಲೂಕ ಆಕಡೆ ಈಕಡೆ ಹೋಗಿದ್ದಕ್ಕ ಇಷ್ಟ ಮಾತಾಡಾಕತ್ತೀರಿ, ನಮ್ಮ ಕಲಾದಗಿ ಕಥಿ ಕೇಳ್ರಿ. 1864ರಾಗ ಮುಂಬೈ ಸರ್ಕಾರ ಕಲಾದಗಿ ಅಂತ ಒಂದು ಜಿಲ್ಲಾ ಮಾಡಿತ್ತು, ಹೌದ್ರಿ, ಕಲಾದಗಿ ಜಿಲ್ಲಾ, ವಿಜಾಪುರ ಅದರ ಕೆಳಗ ಇತ್ತು. 1885ರ ಹೊತ್ತಿಗೆ ಕಚೇರಿ ಎಲ್ಲಾ ವಿಜಾಪುರಕ್ಕ ಎತ್ತಿಕೊಂಡು ಹೋದ್ರು, ಜಿಲ್ಲಾದ ಹೆಸರೂ ವಿಜಾಪುರ ಆತು. ಈಗ ನಮ್ಮೂರು ಬಾಗಲಕೋಟಿ ತಾಲೂಕಿನ ಒಂದು ಹಳ್ಳಿ. ಜಿಲ್ಲಾ ಕೇಂದ್ರ ಇದ್ದ ಊರಿಗೆ ತಾಲೂಕ ಕೇಂದ್ರ ಅನ್ನೋ ಭಾಗ್ಯನೂ ಉಳೀಲಿಲ್ಲ. ಕಲಾದಗಿ ಅಂದ್ರ ಮಂದಿ ಈಗ ಚಿಕ್ಕು, ದಾಳಿಂಬ್ರಿ ಅಂತಾರ, ಇಲ್ಲಾಂದ್ರ ಕಲ್ಲಿನ ಶಾಸ್ತ್ರ ಓದಿದವ್ರು ಕಲಾದಗಿ ಶಿಲಾಸ್ತರ ಅಂತಾರ. ಜಿಲ್ಲಾ ಅನ್ನವ್ರು ಯಾರೂ ಇಲ್ಲ.

ಲಿಂಗಸೂಗೂರದ್ದೂ ಹಂಗ. ನಿಜಾಮರ ಕಾಲಕ್ಕ ಅದು ಜಿಲ್ಲಾ, 1905ರಾಗ ಮುರುದು ರಾಯಚೂರು ಗುಲಬರ್ಗಾಕ್ಕ ಹಂಚಿಬಿಟ್ರು. ಶಹಾಪುರ ಸುರಪುರ ಗುಲಬರ್ಗಾಕ್ಕ ಹೋದ್ವು, ಈಗ ಅವೇ ಯಾದಗಿರಿ ಜಿಲ್ಲಾದಾಗ ಅದಾವ. ಒಮ್ಮೆ ಜಿಲ್ಲಾ ಅನಿಸಿಕೊಂಡ ಊರಿಗೆ ಆ ಹುಳ ತಲಿಯಿಂದ ಹೋಗಂಗಿಲ್ರಿ, ಕಟ್ಟಿ ಮ್ಯಾಲ ಕುಂತ ಮುದುಕರು ಈಗೂ ಅದನ್ನ ಹೇಳ್ತಿರ್ತಾರ.

ಮಲೆನಾಡಂಚು

ಹಳೇ ಮೈಸೂರು ಕಡೇದೂ ಸೇರಿಸ್ತೀನಿ. ಕಡೂರು ಜಿಲ್ಲೆ ಅಂತ ಇತ್ತು, 1947ರವರೆಗೂ. ಜಿಲ್ಲೆ ಹೆಸರು ಕಡೂರು, ಆದ್ರೆ ಡಿಸಿ ಕೂರೋದು ಚಿಕ್ಕಮಗಳೂರಲ್ಲಿ. ನಮ್ಮಜ್ಜನ ತೋಟದ ಕ್ರಯಪತ್ರದಲ್ಲಿ "ಕಡೂರು ಡಿಸ್ಟ್ರಿಕ್ಟು" ಅಂತಿರೋದನ್ನ ನೋಡಿ ನಮ್ಮ ಚಿಕ್ಕಪ್ಪ, ತೋಟ ಮೂಡಿಗೆರೆ ಕಡೆ ಇದೆ ಇದ್ಯಾಕೆ ಕಡೂರು ಅಂತ ಇದೆ, ಯಾರೋ ಮೋಸ ಮಾಡಿದಾರೆ ಅಂತ ವಕೀಲರ ಹತ್ರ ಓಡಿದ್ರು. ವಕೀಲರು ನಕ್ಕು ಕಾಫಿ ಕುಡಿಸಿ ಕಳ್ಸಿದ್ರು, ಫೀಸು ತಗೊಂಡ್ರಾ ಇಲ್ವಾ ಅಂತ ಚಿಕ್ಕಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಆದ್ರೆ ಜಿಲ್ಲೆ ನಿಜವಾಗ್ಲೂ ಸತ್ತಿದ್ದು ಅಂದ್ರೆ ಹಾಸನ, ಚಿತ್ರದುರ್ಗ. ಧಾತು ಬರ ಅಂತಾರಲ್ಲ, 1876ರಿಂದ 78, ಆ ಬರದಲ್ಲಿ ಮೈಸೂರು ಸೀಮೆಲಿ ಜನ ಹುಳದ ಥರ ಸತ್ರು. 1871ರ ಜನಗಣತಿಲಿ ಸುಮಾರು 50 ಲಕ್ಷ ಇದ್ದವ್ರು 1881ಕ್ಕೆ 42 ಲಕ್ಷಕ್ಕೆ ಇಳಿದ್ರು. ಅದೇ 1881ರಲ್ಲಿ ರಾಜ್ಯ ವಾಪಸ್ ಒಡೆಯರ ಕೈಗೆ ಬಂತು, ಬೊಕ್ಕಸದಲ್ಲಿ ದುಡ್ಡಿಲ್ಲ, ಮೇಲೆ ಸಾಲ. ದಿವಾನ್ ರಂಗಾಚಾರ್ಲು ಖರ್ಚು ಕಡಿತ ಅಂತ 8 ಜಿಲ್ಲೆನ 6 ಮಾಡಿದ್ರು, ಹಾಸನ ಚಿತ್ರದುರ್ಗ ಎರಡೂ ಪಕ್ಕದ ಜಿಲ್ಲೆ ಕೆಳಗೆ ಸಬ್ ಡಿವಿಷನ್ ಆದ್ವು. ನಾಲ್ಕು ವರ್ಷ ನಡೀತು, 1886ರಲ್ಲಿ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಎರಡಕ್ಕೂ ಮತ್ತೆ ಜೀವ ಬಂತು. ಈಗ ಜಿಲ್ಲೆ ಹುಟ್ಟೋದು ಓಟಿಗೆ, ಆಗ ಸತ್ತಿದ್ದು ಹೊಟ್ಟೆಗಿಲ್ದೆ. ಈಗಿನ ಯಾವ ಸರ್ಕಾರಕ್ಕಾದ್ರೂ ಒಂದು ಜಿಲ್ಲೆ ಮುಚ್ತೀನಿ ಅನ್ನೋ ಧೈರ್ಯ ಇದ್ಯಾ ಹೇಳಿ.

ಸುಮ್ನೆ ಬಂದೆ

ನಮ್ಮ ರಾಮನಗರದವ್ರು ಎಲ್ಲಿ? 1986ರವರೆಗೆ ಬೆಂಗಳೂರು, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಊರು ಬಿಡದೆ ಬೆಂಗಳೂರಿಗೆ ವಾಪಸ್ ಬಂದೋರು ಅಂದ್ರೆ ನಾವೇ. ಬಾಡಿಗೆ ಮಾತ್ರ ಇನ್ನೂ ರಾಮನಗರದ್ದೇ, ದೇವರು ದೊಡ್ಡವನು.

ನಾಡಕಚೇರಿ ನಿವೃತ್ತ

ಎಲ್ರೂ ಜಿಲ್ಲೆ ಜಿಲ್ಲೆ ಅಂತಿದೀರಿ. ನಾನು ಕಂದಾಯ ಇಲಾಖೆಲಿ 30 ವರ್ಷ ಹಳ್ಳಿ ಸುತ್ತಿದವನು, ನಿಜವಾಗ್ಲೂ ಸದ್ದಿಲ್ಲದೆ ಸತ್ತಿದ್ದು ಜಿಲ್ಲೆ ಅಲ್ಲ, ಮಂಡಲ ಪಂಚಾಯ್ತಿ. ಹುಡುಗರಿಗೆ ಗೊತ್ತೇ ಇಲ್ಲ. ಹೆಗಡೆಯವರ ಕಾಲದಲ್ಲಿ, ನಜೀರ್ ಸಾಬರು ಮಂತ್ರಿ, 1983ರ ಕಾಯ್ದೆ, 1987ರಲ್ಲಿ ಎಲೆಕ್ಷನ್. 8ರಿಂದ 12 ಸಾವಿರ ಜನಕ್ಕೆ ಒಂದು ಮಂಡಲ, ಅದಕ್ಕೊಬ್ಬ ಪ್ರಧಾನ. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು, ದೇಶದಲ್ಲೇ ಆಗ ಅದು ದೊಡ್ಡ ಮಾತು. ಆಮೇಲೆ 1993ರ ಹೊಸ ಕಾಯ್ದೆ ಬಂತು, 5ರಿಂದ 7 ಸಾವಿರಕ್ಕೆ ಒಂದು ಗ್ರಾಮ ಪಂಚಾಯ್ತಿ, ಮಲೆನಾಡಲ್ಲಿ ಇನ್ನೂ ಚಿಕ್ಕದು. ಮಂಡಲ ಅನ್ನೋದು ಒಂದೇ ಏಟಿಗೆ ಹೋಯ್ತು. ನಾನಿದ್ದ ಕಡೆ ಒಂದು ಮಂಡಲ ಮೂರು ಪಂಚಾಯ್ತಿ ಆಯ್ತು, ಟ್ರಂಕು ಒಂದೇ ಇತ್ತು, ದಾಖಲೆ ಯಾರಿಗೆ ಅಂತ ಮೂರೂ ಊರಿನವ್ರು ಜಗಳ ಆಡಿ ಕೊನೆಗೆ ಟ್ರಂಕು ಒಬ್ರಿಗೆ, ಬೀಗ ಒಬ್ರಿಗೆ ಹೋಯ್ತು. ಆ ಕಟ್ಟಡದಲ್ಲಿ ಈಗ ಹಾಲಿನ ಡೈರಿ, ಗೋಡೆ ಮೇಲೆ ಸುಣ್ಣದ ಕೆಳಗಿಂದ "ಮಂಡಲ ಪಂ" ಅಂತ ಅಷ್ಟು ಅಕ್ಷರ ಇನ್ನೂ ಇಣುಕುತ್ತೆ. ಪ್ರಧಾನರಾಗಿದ್ದವರನ್ನ ಮಾತ್ರ ಜನ ಸಾಯೋವರೆಗೂ ಪ್ರಧಾನ್ರೇ ಅಂತಾನೇ ಕರೆದ್ರು.

ಇದಕ್ಕೆ ಉಲ್ಟಾನೂ ಇದೆ. ಬೇಚರಾಕ್ ಗ್ರಾಮ ಅಂತ ಕೇಳಿದೀರಾ? ಪಾರ್ಸಿ ಮಾತು, ಚಿರಾಗ್ ಅಂದ್ರೆ ದೀಪ, ದೀಪ ಹಚ್ಚೋರಿಲ್ಲದ ಊರು. ಪ್ಲೇಗು ಕಾಲರಾ ಅಂತ ಜನ ಯಾವತ್ತೋ ಎದ್ದುಹೋಗಿದಾರೆ, ಮನೆ ಇಲ್ಲ, ಓಟಿಲ್ಲ, ಒಂದು ಹನುಮಪ್ಪನ ಗುಡಿ, ಹುಣಸೆ ಮರ, ಹಾಳು ಬಾವಿ. ಆದ್ರೆ ಕಂದಾಯ ದಾಖಲೇಲಿ ಆ ಊರಿಗೆ ಹೆಸರಿದೆ, ನಕ್ಷೆ ಇದೆ, ಸರ್ವೆ ನಂಬರಿದೆ, ಪಹಣಿ ಬರುತ್ತೆ. ಇನ್ನೊಂದು ಕಡೆ ನೂರಾರು ಮನೆ ಇರೋ ಲಂಬಾಣಿ ತಾಂಡಾ, ಶಾಲೆ ಕರೆಂಟು ಎಲ್ಲಾ ಇದೆ, ದಾಖಲೇಲಿ ಊರೇ ಅಲ್ಲ. ಈಚೆಗೆ ಅವನ್ನ ಕಂದಾಯ ಗ್ರಾಮ ಮಾಡ್ತಿದಾರೆ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಒಂದೇ ದಿನ 50 ಸಾವಿರ ಚಿಲ್ಲರೆ ಹಕ್ಕುಪತ್ರ ಕೊಟ್ರಲ್ಲ, ಅದು ಇದೇ.

ಈಗ ನಿಮ್ಮ ಕಾಗದದ ವಿಷಯ. ಜಿಲ್ಲೆ ತಾಲೂಕು ಮಾಡೋದು, ಒಡೆಯೋದು, ರದ್ದು ಮಾಡೋದು ಎಲ್ಲಾ 1964ರ ಭೂಕಂದಾಯ ಕಾಯ್ದೆ 4ನೇ ಕಲಂ ಕೆಳಗೆ ಅಧಿಸೂಚನೆಯಿಂದ. ಮೊದಲು ಕರಡು, ಆಕ್ಷೇಪಣೆ ಕರೀತಾರೆ, ಆಮೇಲೆ ಅಂತಿಮ. ರಾಜ್ಯಪತ್ರದಲ್ಲಿ ಬಂದಿರುತ್ತೆ, ವಿಜಯನಗರದ ಅಂತಿಮ ಅಧಿಸೂಚನೆ 2021ರ ಫೆಬ್ರವರಿದು, ಅದರಲ್ಲಿ ಹರಪನಹಳ್ಳಿ ಹೆಸರಿದೆ. ಬಳ್ಳಾರಿಗೆ ವಾಪಸ್ ಬಂದಾಗಿನ ಆದೇಶ, 1997ರದ್ದು, ಮೂರೂ ತೆಗೆದು ಅರ್ಜಿ ಜೊತೆ ಇಡಿ. ಮಾತಲ್ಲಿ ವಾದ ಮಾಡ್ಬೇಡಿ, ಟೇಬಲ್ ಮೇಲೆ ಇಡಿ. ಅರ್ಜಿಯಲ್ಲಿ ಹಿಂಗೆ ಬರೀರಿ: ಇಂಥಾ ಗ್ರಾಮ, ಇಂಥಾ ಹೋಬಳಿ, ಹರಪನಹಳ್ಳಿ ತಾಲೂಕು, ಪೂರ್ವದಲ್ಲಿ ದಾವಣಗೆರೆ ಜಿಲ್ಲೆ, ಹಾಲಿ ವಿಜಯನಗರ ಜಿಲ್ಲೆ. ಜೊತೆಗೆ ತಂದೆ ಹೆಸರಿನ ಪಹಣಿ ಹಾಕಿ. ಊರ ಹೆಸರು, ಸರ್ವೆ ನಂಬರು ನಾಲ್ಕು ಕಾಗದದಲ್ಲೂ ಒಂದೇ ಇದ್ರೆ ಮೇಲಿನ ಜಿಲ್ಲೆ ಯಾವುದಿದ್ರೂ ಕೇಸ್ ವರ್ಕರ್ ತಲೆ ಆಡಿಸ್ಬೇಕು. 371ಜೆಗೆ ಅವ್ರು ನೋಡೋದು ಹುಟ್ಟು ಅಥವಾ 2013ರ ಜನವರಿ 1ಕ್ಕೆ ಮುಂಚೆ 10 ವರ್ಷ ವಾಸ, ಹಾಗಾಗಿ ಶಾಲೆ ವ್ಯಾಸಂಗ ಪ್ರಮಾಣಪತ್ರನೂ ಇರ್ಲಿ. ಅರ್ಜಿ ನಿಮ್ಮ ಉಪವಿಭಾಗಾಧಿಕಾರಿ ಕಚೇರಿಗೆ.

ತುಂಗಭದ್ರಾ ದಂಡೆ

ಸಾರ್ ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸ್ತೀನಿ, ಜನಸಂಖ್ಯೆ ಅಂಕಿ ಯಾರಾದ್ರೂ ತೋರಿಸಿದ್ರೆ ಹುಷಾರು. 2011ರ ಗಣತಿಲಿ ದಾವಣಗೆರೆ ಜಿಲ್ಲೆ 19.45 ಲಕ್ಷ ಅಂತ ಇರೋದ್ರಲ್ಲಿ ನಿಮ್ಮ ಹರಪನಹಳ್ಳಿನೂ ಸೇರಿದೆ. ಈಗಿನ ದಾವಣಗೆರೆ ಬಗ್ಗೆ ಪೇಪರಲ್ಲಿ ಅದೇ ಅಂಕಿ ಹಾಕ್ತಾರೆ, ನಂಗೆ ಅದನ್ನ ನೋಡಿದಾಗೆಲ್ಲ ಮೈ ಉರಿಯುತ್ತೆ.

ಹರಪನಳ್ಳಿ ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿವೃತ್ತ ಸಾರ್ ನಿಮ್ಗೆ ಕೈ ಮುಗೀತೀನಿ. ತಾತನ ಪೆಟ್ಟಿಗೆ ತೆಗೆದೆ, 1948ರದ್ದು ಒಂದು ಕಾಗದ ಸಿಕ್ತು, ಮದ್ರಾಸ್ ಪ್ರಾಂತ್ಯ ಬಳ್ಳಾರಿ ಜಿಲ್ಲಾ ಅಂತಾನೇ ಇದೆ, ಹೊಲದ ನಂಬರು ಈಗಿನ ಪಹಣಿಲಿ ಇರೋದೇ. ಇವತ್ತು ಮೂರೂ ಅಧಿಸೂಚನೆ ಪ್ರಿಂಟ್ ತಗೊಂಡು ಅಫಿಡವಿಟ್ ಮಾಡ್ಸೋಕೆ ಹೋಗಿದ್ದೆ. ಟೈಪ್ ಮಾಡೋನು ಪೂರ್ವದಲ್ಲಿ ಹಾಲಿ ಅಂತ ಎಲ್ಲಾ ನೀಟಾಗಿ ಹೊಡೆದ, ದುಡ್ಡು ಕೊಟ್ಟು ಮನೆಗೆ ಬಂದು ನೋಡ್ತೀನಿ, ಕೆಳಗೆ ಹೊಡೆದಿರೋ ಸೀಲಲ್ಲಿ "ಹರಪನಹಳ್ಳಿ, ದಾವಣಗೆರೆ ಜಿಲ್ಲೆ". ನಾಳೆ ಮತ್ತೆ ಹೋಗ್ಬೇಕು.