ಪವರ್ ಬಟನ್ ಕೆಲಸ ಮಾಡ್ತಿಲ್ಲ, ಲ್ಯಾಪ್‌ಟಾಪ್ ಆನ್ ಮಾಡೋದು ಹೇಗೆ?

ಪೆರ್ಲದ ಮಾಷ್ಟ್ರು:

ನಮಸ್ಕಾರ ಎಲ್ಲರಿಗೂ. ನನ್ನದು ಲೆನೋವೋ ಐಡಿಯಾಪ್ಯಾಡ್, ಸ್ವಲ್ಪ ಹಳೆಯದು. ಮಳೆ ಶುರುವಾದ ಮೇಲೆ ಪವರ್ ಬಟನ್ ಕೈಕೊಡಲು ಶುರು ಮಾಡಿತು. ಮೊದಲು ಒತ್ತಿ ಒತ್ತಿ ಕೊನೆಗೆ ಆನ್ ಆಗುತ್ತಿತ್ತು, ಆಮೇಲೆ ಉಗುರಿನಿಂದ ಮೂಲೆಯಲ್ಲಿ ಅದುಮಿದರೆ ಮಾತ್ರ, ಈಗ ಏನು ಮಾಡಿದರೂ ಇಲ್ಲ. ಚಾರ್ಜರ್ ಹಾಕಿದರೆ ಪಕ್ಕದ ಲೈಟ್ ಉರಿಯುತ್ತದೆ. ಫ್ಯಾನ್ ಸದ್ದಿಲ್ಲ, ಸ್ಕ್ರೀನ್ ಕಪ್ಪು. ಒಳಗೆ ವಿಂಡೋಸ್ ಉಂಟು, ಶಾಲೆಗೆ ಬೇಕಾದ ಕೈಟ್ ಉಬುಂಟು (ಕೇರಳದ ಶಾಲೆಗಳಿಗೆಂದೇ ಮಾಡಿದ ಲಿನಕ್ಸ್) ಕೂಡ ಉಂಟು. ಕನ್ನಡ ಮೀಡಿಯಂ ಮಕ್ಕಳ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲೇ, ಸೋಮವಾರಕ್ಕೆ ಪ್ರಿಂಟ್ ಬೇಕು. ಪೇಟೆಯ ಅಂಗಡಿಯವರು ಬಿಚ್ಚದೆಯೇ ಮದರ್‌ಬೋರ್ಡ್ ಹೋಗಿದೆ, ಮಂಗಳೂರಿಗೆ ಕಳಿಸಬೇಕು ಅಂದುಬಿಟ್ಟರು. ಒಮ್ಮೆ ಆನ್ ಆದರೆ ಸಾಕು ಮಾರಾಯ್ರೇ. ದಾರಿ ಏನಾದರೂ ಉಂಟಾ?

ಉಪ್ಪಳ ಬಸ್‌ಸ್ಟ್ಯಾಂಡ್:

ಚಾರ್ಜರ್ ತೆಗೆದು ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ ಸರ್, ಒಳಗೆ ಉಳಿದ ಚಾರ್ಜ್ ಹೋಗುತ್ತದೆ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ನನ್ನದು ಹಾಗೇ ಸರಿಯಾಯಿತು.

ಕುಂಬಳೆ ಕಡೆಯವ:

ಮೇಲಿನವರೇ, ಒತ್ತಿದರೂ ಹಿಡಿಯದ ಬಟನ್ ಅನ್ನು 30 ಸೆಕೆಂಡ್ ಒತ್ತಿ ಎಂತ ಮಾಡುವುದು? ಮಷಿನ್ ಹ್ಯಾಂಗ್ ಆದಾಗ ಆ ಉಪಾಯ ಒಳ್ಳೆಯದು. ಇಲ್ಲಿ ತೊಂದರೆ ಇರುವುದೇ ಬಟನ್‌ನಲ್ಲಿ ಅಲ್ವಾ.

ಮಾಷ್ಟ್ರೇ, ಐಡಿಯಾಪ್ಯಾಡ್ ಅಂದಿರಲ್ಲ, ನಿಮ್ಮ ಅದೃಷ್ಟ. ಅದರ ತುಂಬಾ ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಹತ್ತಿರದಲ್ಲಿ ಬಾಗಿದ ಬಾಣದ ಗುರುತು. ಅದರ ಹೆಸರು ನೋವೋ ಬಟನ್. ಲ್ಯಾಪ್‌ಟಾಪ್ ಆಫ್ ಇರುವಾಗ ಸಿಮ್ ತೆಗೆಯುವ ಪಿನ್ ಅಥವಾ ಪೇಪರ್ ಕ್ಲಿಪ್ ಹಾಕಿ ಮೆಲ್ಲ ಒತ್ತಿ. ಪವರ್ ಬಟನ್ ಬೇಡ, ಅದೇ ಆನ್ ಮಾಡಿ ಒಂದು ಮೆನು ತೋರಿಸುತ್ತದೆ. ಅದರಲ್ಲಿ ನಾರ್ಮಲ್ ಸ್ಟಾರ್ಟಪ್ ಆರಿಸಿದರೆ ಮಾಮೂಲಿನಂತೆ ಬೂಟ್ ಆಗುತ್ತದೆ. ಹಾಗೆ ಆನ್ ಆಯಿತು ಅಂದರೆ ಬೋರ್ಡ್ ಸರಿ ಇದೆ, ಸ್ವಿಚ್ ಅಥವಾ ಅದರ ಕೇಬಲ್ ಹಾಳಾಗಿದೆ ಅಂತಲೇ ಅರ್ಥ. ಆಗ ಅಂಗಡಿಯವರ ಮಾತು ಅಲ್ಲೇ ಮುಗಿಯಿತು.

ಒಂದು ಎಚ್ಚರಿಕೆ. ಸಿಕ್ಕ ಸಿಕ್ಕ ತೂತಿಗೆ ಪಿನ್ ತುರುಕಬೇಡಿ, ಮೈಕ್‌ನ ತೂತೂ ಸಣ್ಣದೇ ಇರುತ್ತದೆ. ಥಿಂಕ್‌ಪ್ಯಾಡ್‌ಗಳ ಅಡಿಯಲ್ಲಿ ಇರುವ ತೂತು ಬೇರೆ, ಅದು ರಿಸೆಟ್‌ಗೆ. ಅದನ್ನು ಒತ್ತಿದರೆ ಆನ್ ಆಗುವುದಿಲ್ಲ.

ಅಡಿಕೆತೋಟದ ಟೆಕ್ಕಿ:

ನೋವೋ ಬಟನ್ ಇಲ್ಲದಿದ್ದರೆ ಬೇರೆ ದಾರಿಗಳೂ ಇವೆ, ಆದರೆ ಹೆಚ್ಚಿನವನ್ನು ಬಟನ್ ಹಾಳಾಗುವ ಮೊದಲೇ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಮಷಿನ್‌ನ ಸೆಟ್ಟಿಂಗ್) ಆನ್ ಮಾಡಿಟ್ಟಿರಬೇಕು, ಅದೇ ದೊಡ್ಡ ತಲೆನೋವು. ಡೆಲ್ ಲ್ಯಾಟಿಟ್ಯೂಡ್‌ಗಳಲ್ಲಿ ವೇಕ್ ಆನ್ ಎಸಿ ಇರುತ್ತದೆ, ಚಾರ್ಜರ್ ಸಿಕ್ಕಿಸಿದರೆ ತಾನೇ ಆನ್. ಥಿಂಕ್‌ಪ್ಯಾಡ್‌ನಲ್ಲೂ ಅಂಥದ್ದೇ ಉಂಟು. ಲೆನೋವೋದ ಈಚಿನ ಮಾಡೆಲ್‌ಗಳಲ್ಲಿ ಫ್ಲಿಪ್ ಟು ಬೂಟ್ ಅಂತ ಇರುತ್ತದೆ, ಮುಚ್ಚಳ ತೆರೆದರೆ ಸಾಕು. ಕೆಲವದರಲ್ಲಿ ಇದು ಮೊದಲೇ ಆನ್ ಇರುತ್ತದೆ. ಹಾಗಾಗಿ ಚಾರ್ಜರ್ ಹಾಕಿ, ಮುಚ್ಚಳ ಪೂರ್ತಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದು ನೋಡಿ. ಖರ್ಚಿಲ್ಲ. ವೇಕ್ ಆನ್ ಲ್ಯಾನ್, ಅಂದರೆ ನೆಟ್‌ವರ್ಕ್ ಮೂಲಕ ಆನ್ ಮಾಡುವುದರ ಬಗ್ಗೆ ಯಾರಾದರೂ ಹೇಳಬಹುದು. ಅದಕ್ಕೆ ಲ್ಯಾನ್ ಕೇಬಲ್ ಬೇಕು, ಇನ್ನೊಂದು ಮಷಿನ್‌ನಿಂದ ಮ್ಯಾಜಿಕ್ ಪ್ಯಾಕೆಟ್ ಅನ್ನುವ ಏಳಿಸುವ ಸಂದೇಶ ಕಳಿಸಬೇಕು, ಸೆಟ್ಟಿಂಗ್ ಮೊದಲೇ ಇರಬೇಕು. ನಿಮ್ಮ ಕೇಸಿಗೆ ಬಿಟ್ಟುಬಿಡಿ.

ಪ್ರಶ್ನೆಪತ್ರಿಕೆ ಅಷ್ಟೇ ತುರ್ತಾಗಿದ್ದರೆ ಡಿಸ್ಕ್ ತೆಗೆದು ಯುಎಸ್‌ಬಿ ಕೇಸಿಗೆ (ಡಿಸ್ಕ್ ಇಟ್ಟು ಯುಎಸ್‌ಬಿಗೆ ಸಿಕ್ಕಿಸುವ ಡಬ್ಬಿ) ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ಕಾಪಿ ಮಾಡಬಹುದು. ಡಿಸ್ಕಿನಲ್ಲಿ ಎರಡು ಬಗೆ, ಎನ್‌ವಿಎಂಇಗೆ ಬೇರೆ ಕೇಸ್, ಸಾಟಾಗೆ ಬೇರೆ, ನೋಡಿ ತಗೊಳ್ಳಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದರೆ ರಿಕವರಿ ಕೀ ಬೇಕೇ ಬೇಕು.

ಮಂಜೇಶ್ವರ ರಿಪೇರಿ:

ನಾನು ಇದೇ ಕೆಲಸ ಮಾಡುವವನು. ನಮ್ಮ ಕರಾವಳಿಯಲ್ಲಿ ಜೂನ್ ಬಂತು ಅಂದರೆ ಸ್ವಿಚ್ ಕೇಸುಗಳೇ ಜಾಸ್ತಿ. ಮಳೆಯ ತೇವ, ಸಮುದ್ರದ ಉಪ್ಪು ಗಾಳಿ, ಒಳಗಿನ ಕಾಂಟ್ಯಾಕ್ಟ್ ಹಸಿರುಗಟ್ಟುತ್ತದೆ. ತುಂಬಾ ಮಾಡೆಲ್‌ಗಳಲ್ಲಿ ಪವರ್ ಬಟನ್ ಒಂದು ಪುಟ್ಟ ಬೇರೆ ಬೋರ್ಡ್ ಮೇಲೆ ಕೂತಿರುತ್ತದೆ, ಅಲ್ಲಿಂದ ಚಪ್ಪಟೆ ರಿಬ್ಬನ್ ಕೇಬಲ್ ಮದರ್‌ಬೋರ್ಡಿಗೆ ಹೋಗುತ್ತದೆ. ಎಷ್ಟೋ ಸಲ ಕೇಬಲ್ ತೆಗೆದು, ತುದಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪುನಃ ಸರಿಯಾಗಿ ಕೂರಿಸಿದರೆ ಕೆಲಸ ಮುಗಿಯಿತು.

ಬಟನ್ ಒತ್ತಿದಾಗ ಆಗುವುದು ಇಷ್ಟೇ: ಒಂದು ಸಣ್ಣ ವೋಲ್ಟೇಜಿನ ಲೈನ್ ಒಂದು ಕ್ಷಣ ಗ್ರೌಂಡಿಗೆ ತಾಗುತ್ತದೆ, ಬೋರ್ಡಿಗೆ ಅದೇ ಸಂಜ್ಞೆ. ಆದ್ದರಿಂದ ಸ್ವಿಚ್‌ನ ಎರಡು ಕಾಲು ಒಂದು ಕ್ಷಣ ಸೇರಿಸಿದರೂ ಆನ್ ಆಗುತ್ತದೆ. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ಹಿಡಿದು ಮದರ್‌ಬೋರ್ಡಿನ ಕನೆಕ್ಟರ್ ಮೇಲೆ ಇದನ್ನು ಮಾತ್ರ ಮಾಡಬೇಡಿ. ಅಲ್ಲಿ ಪಿನ್‌ಗಳು ಒತ್ತೊತ್ತಾಗಿ ಇರುತ್ತವೆ, ಕೈ ಜಾರಿದರೆ ನಿಜವಾಗಿಯೂ ಬೋರ್ಡ್ ಹೋಗುತ್ತದೆ. ಮಾಡುವುದಾದರೆ ಸ್ವಿಚ್ ಮೇಲೆಯೇ ಮಾಡಿ, ಅದೂ ಕಣ್ಣಿಗೆ ಸರಿ ಕಾಣುವ ಹಾಗಿದ್ದರೆ ಮಾತ್ರ. ಬಟನ್ ಕೀಬೋರ್ಡಿನಲ್ಲೇ ಸೇರಿರುವ ಮಾಡೆಲ್ ಆದರೆ ಈ ಲೆಕ್ಕ ಬೇರೆ, ಕೀಬೋರ್ಡೇ ಬದಲಿಸಬೇಕಾಗಬಹುದು.

ಪೆರ್ಲದ ಮಾಷ್ಟ್ರು:

ಆನ್ ಆಯಿತು! ಮುಚ್ಚಳದ ಉಪಾಯ ನಡೆಯಲಿಲ್ಲ. ಎಡಗಡೆ ಚಾರ್ಜರ್ ಪಿನ್ ಹತ್ತಿರ ತೂತು ಇತ್ತು, ಇಷ್ಟು ವರ್ಷ ಅದನ್ನು ರಿಸೆಟ್ ಅಂದುಕೊಂಡು ಮುಟ್ಟಿಯೇ ಇರಲಿಲ್ಲ. ಪ್ರಶ್ನೆಪತ್ರಿಕೆ ಪೆನ್‌ಡ್ರೈವಿಗೆ ಹಾಕಿ ಆಯಿತು. ಈಗ ಆಫ್ ಮಾಡಲು ಭಯ. ರಿಪೇರಿ ಆಗುವವರೆಗೆ ಹೀಗೇ ಆನ್ ಇಡಬಹುದಾ? ಇಲ್ಲಿ ಗಾಳಿ ಬಂದರೆ ಕರೆಂಟ್ ಹೋಗುತ್ತದೆ, ಗೊತ್ತಲ್ಲ.

ಕುಂಬಳೆ ಕಡೆಯವ:

ಆಫ್ ಮಾಡಲು ಹೆದರಬೇಡಿ, ತೂತು ಎಲ್ಲಿಗೂ ಹೋಗುವುದಿಲ್ಲ. ಆದರೂ ದಿನಾ ಪಿನ್ ಹಾಕುವುದು ಬೇಡ ಅಂತಿದ್ದರೆ ಶಟ್‌ಡೌನ್ ಬದಲು ಸ್ಲೀಪ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದರೆ ಸ್ಲೀಪ್ ಅಂತ ಇಡಿ. ಹೈಬರ್ನೇಟ್ ಬೇಡ, ಅದರಲ್ಲಿ ತೆರೆದ ಕೆಲಸ ಡಿಸ್ಕಿಗೆ ಉಳಿಸಿ ಮಷಿನ್ ಪೂರ್ತಿ ಆಫ್ ಆಗುತ್ತದೆ, ಏಳಿಸಲು ಪುನಃ ಬಟನ್ ಬೇಕು. ಕರೆಂಟ್ ಹೋಗಿ ಬ್ಯಾಟರಿ ತೀರಾ ಕಡಿಮೆಯಾದರೆ ವಿಂಡೋಸ್ ತಾನಾಗಿ ಹೈಬರ್ನೇಟ್ ಆಗುವುದು ಸಾಮಾನ್ಯ, ಆಗ ಪಿನ್ನೇ ಗತಿ. ಮುಂದಿನ ಸಲ ನೋವೋ ಮೆನುವಿನಲ್ಲಿ ಬಯೋಸ್ ಸೆಟಪ್‌ಗೆ ಹೋಗಿ, ಫ್ಲಿಪ್ ಟು ಬೂಟ್ ಇದ್ದರೆ ಆನ್ ಮಾಡಿ ಬಿಡಿ.

ಅಡಿಕೆತೋಟದ ಟೆಕ್ಕಿ:

ಉಬುಂಟು ಇದೆ ಅಂದಿರಲ್ಲ, ಅದರಲ್ಲಿ ಆರ್‌ಟಿಸಿವೇಕ್ ಅನ್ನುವ ಕಮಾಂಡ್ ಉಂಟು. ಇಷ್ಟು ಸೆಕೆಂಡ್ ಆದ ಮೇಲೆ ಏಳು ಅಂತ ಹೇಳಿ ಮಲಗಿಸಬಹುದು, ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ತಾನೇ ಎದ್ದಿರುತ್ತದೆ. ಪೂರ್ತಿ ಆಫ್ ಆದ ಮೇಲೂ ಏಳುತ್ತದಾ ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ಮೊದಲು ಎರಡು ನಿಮಿಷಕ್ಕೆ ಇಟ್ಟು ನೋಡಿ.

ಮಂಜೇಶ್ವರ ರಿಪೇರಿ:

ಇದೆಲ್ಲ ಸರಿ, ಆದರೆ ರಿಪೇರಿ ಮುಂದೂಡಬೇಡಿ. ಹಸಿರುಗಟ್ಟುವುದು ಸ್ವಿಚ್‌ನಲ್ಲೇ ನಿಲ್ಲುವುದಿಲ್ಲ, ನೋವೋ ಬಟನ್ ಕೂಡ ಅದೇ ಗಾಳಿಯಲ್ಲಿ ಇರುವುದು. ಕೊಡುವ ಮೊದಲು ಫೈಲುಗಳ ಕಾಪಿ ಇಟ್ಟುಕೊಳ್ಳಿ. ಬಿಚ್ಚಿಸುವಾಗ ಬಟನ್ ಬೋರ್ಡಿನ ಮೇಲಿನ ನಂಬರಿನ ಫೋಟೋ ತೆಗೆದುಕೊಳ್ಳಿ. ಬರೀ ಮಾಡೆಲ್ ಹೆಸರು ಹೇಳಿ ತರಿಸಿದರೆ ಕೇಬಲ್ ಉದ್ದ ಬೇರೆ, ಪಿನ್ ಲೆಕ್ಕ ಬೇರೆ ಬರುತ್ತದೆ. ಬದಲಿಸುವ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಲು ಹೇಳಿ.