ಫಿಟ್ಸ್ ಮಾತ್ರೆ ತಗೋತಿದ್ದೀನಿ, ಮಗು ಬೇಕು ಅಂತಿದ್ದೀವಿ. ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ರಾಜಾಜಿನಗರದ ಹುಡುಗಿ:
ನನಗೆ 28 ವರ್ಷ. ಪಿಯುಸಿಯಿಂದಲೂ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತಗೊಳ್ಳುತ್ತಿದ್ದೇನೆ, ಮೂರು ವರ್ಷದಿಂದ ಒಂದು ಸಲವೂ ಬಂದಿಲ್ಲ. ಈ ವರ್ಷ ಮಗು ಆಗಲಿ ಅಂತ ಆಸೆ. ಮೊನ್ನೆ ನೆಂಟರೊಬ್ಬರು, ಆ ಮಾತ್ರೆಯಿಂದ ಮಗುವಿಗೆ ತೊಂದರೆ ಆಗುತ್ತೆ, ಇವತ್ತೇ ಬಿಟ್ಟುಬಿಡು ಅಂದರು. ಅವತ್ತು ರಾತ್ರಿ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ, ಆಮೇಲೆ ನುಂಗಿದೆ. ಇನ್ನೊಂದು, ನನ್ನ ಗಂಡ ನನ್ನ ಸೋದರತ್ತೆ ಮಗ. ಮುಟ್ಟು ನಿಂತ ಮೇಲೆ ಡಾಕ್ಟರ್ ಹತ್ತಿರ ಹೋದರೆ ಸಾಕಲ್ವಾ?

ವಿಜಯನಗರದ ಅಕ್ಕ:
ಸಾಲದು ತಂಗಿ, ಈ ವಾರವೇ ಹೋಗು. ನಾನೂ ಹಾಗೇ ಅಂದುಕೊಂಡಿದ್ದೆ. ಮುಟ್ಟು ತಪ್ಪಿತು, ಕಾರ್ಡ್ ಟೆಸ್ಟ್ ಮಾಡಿದೆ, ಊರಿಂದ ಅಮ್ಮ ಬರಲಿ ಅಂತ ಕಾದು ಎಂಟನೇ ವಾರದಲ್ಲಿ ಡಾಕ್ಟರ್ ಹತ್ತಿರ ಹೋದೆ, ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಮಾತ್ರೆ ಶುರು ಮಾಡಿದ್ದೇ ಅವತ್ತು. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಅಲ್ಲೀವರೆಗೆ ಮಾತಾಡಿಸುತ್ತಿದ್ದ ಡಾಕ್ಟರ್ ಸುಮ್ಮನಾದರು. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಒತ್ತಿ ನೋಡಿ, ನಿಮ್ಮ ಯಜಮಾನರನ್ನ ಒಳಗೆ ಕರೀರಿ ಅಂದರು. ಮಗುವಿನ ಬೆನ್ನುಮೂಳೆ ಮುಚ್ಚಿಕೊಂಡಿರಲಿಲ್ಲ. ಅದು ಸರಿಯಾಗಿ ಮುಚ್ಚಿಕೊಳ್ಳಲಿಕ್ಕೇ ಫೋಲಿಕ್ ಆಸಿಡ್ ಬೇಕಿರುವುದು, ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ, ಅಂತ ಆಮೇಲೆ ಗೊತ್ತಾಯಿತು. ಆ ಮಗು ನಮಗೆ ಉಳಿಯಲಿಲ್ಲ.

ಎರಡನೇ ಸಲ ಗರ್ಭ ನಿಲ್ಲುವ ಮೂರು ತಿಂಗಳು ಮೊದಲೇ ಡಾಕ್ಟರ್ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಒಮ್ಮೆ ಹೀಗಾದವರಿಗೆ ಜಾಸ್ತಿ ಬೇಕು. ಮಗ ಈಗ ಯುಕೆಜಿ.

ಸಿಸ್ಟರ್, ಜಯನಗರ:
ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿದ್ದೆ. ಮೊದಲನೆಯದಾಗಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಜೋರಾಗಿ ಫಿಟ್ಸ್ ಬಂದು ನಿಮ್ಮ ಜೀವಕ್ಕೇ ಅಪಾಯ. ಆದರೆ ನಿಮ್ಮ ನೆಂಟರ ಭಯ ಸುಳ್ಳಲ್ಲ. ವಾಲ್‌ಪ್ರೊಯೇಟ್ ತಗೊಳ್ಳುವ ತಾಯಂದಿರಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ದೋಷ ಇರುತ್ತೆ, ಸಾಮಾನ್ಯವಾಗಿ ಅದು 2-3. ಮಗುವಿನ ಕಲಿಕೆಗೂ ಪೆಟ್ಟು. ಅದಕ್ಕೇ ನರರೋಗದ ಡಾಕ್ಟರನ್ನ ನೋಡಿ, ನಿಮ್ಹಾನ್ಸ್ ಆದರೂ ಸರಿ. ಬೇರೆ ಮಾತ್ರೆಗೆ ಬದಲಾಯಿಸಲು ತಿಂಗಳುಗಳೇ ಹಿಡಿಯಬಹುದು, ಅಲ್ಲೀವರೆಗೆ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ. ಫೋಲಿಕ್ ಆಸಿಡ್ ನಿಮಗೆ ಎಷ್ಟು ಅಂತಲೂ ಅವರನ್ನೇ ಕೇಳಿ.

ಸಂಬಂಧದಲ್ಲಿ ಮದುವೆಯಾದವರ ಮಕ್ಕಳೂ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ. ಆದರೂ ಎರಡೂ ಮನೆಯಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ, ಕಿವಿ ಕೇಳದ ಮಕ್ಕಳು ಇದ್ದರೆ ಮುಚ್ಚಿಡದೆ ಹೇಳಿ, ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಿಂದ ಬರುವ ಕಾಯಿಲೆಗಳ ಬಗ್ಗೆ ಸಲಹೆ, ಕೇಳಿ. ಶುಗರ್, ಥೈರಾಯ್ಡ್, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ರಕ್ತಪರೀಕ್ಷೆ ಈಗಲೇ ಆಗಲಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು.

ಬಸವನಗುಡಿ:
ನಮ್ಮ ಮನೇಲಿ ದಿನಾ ಸೊಪ್ಪಿನ ಸಾರು. ಅದರಲ್ಲೇ ಫೋಲಿಕ್ ಸಿಗಲ್ವಾ?

ಸಿಸ್ಟರ್, ಜಯನಗರ:
ಸಿಗುತ್ತೆ, ಆದರೆ ಬೇಯಿಸುವಾಗ ಎಷ್ಟೋ ಹೋಗಿಬಿಡುತ್ತೆ. ಸೊಪ್ಪು ತಿನ್ನಿ, ಮಾತ್ರೆಯನ್ನೂ ತಗೊಳ್ಳಿ.

ರಾಜಾಜಿನಗರದ ಹುಡುಗಿ:
ಅಕ್ಕ, ನಿಮ್ಮ ಮೊದಲ ಮಗುವಿನ ವಿಷಯ ಓದಿ ಅತ್ತುಬಿಟ್ಟೆ. ನಮ್ಮ ಅತ್ತೆಗೂ ಓದಿ ಹೇಳಿದೆ. ಅವರ ತವರಿನಲ್ಲಿ, ಅಂದರೆ ನಮ್ಮಪ್ಪನ ಮನೇಲೇ, ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋದವಂತೆ, ಇವತ್ತೇ ಬಾಯಿಬಿಟ್ಟರು. ಗುರುವಾರ ಡಾಕ್ಟರ್ ಸಿಗುತ್ತಾರೆ, ಅತ್ತೆಯೂ ಜೊತೆಗೆ ಬರುತ್ತಾರಂತೆ. ಅಲ್ಲೀವರೆಗೆ ಒಂದು ದಿನವೂ ಮಾತ್ರೆ ತಪ್ಪಿಸಲ್ಲ.