ನಂಬಿಕೆ ಇಲ್ಲದೆ ದೀಪ ಹಚ್ಚಿದರೆ ಅದು ನಾಟಕವಾ?

ಮಳೆಗಾಲದವನು:
ಎಲ್ಲರಿಗೂ ನಮಸ್ಕಾರ. ಊರು ಕೊಡಗಿನ ನಾಪೋಕ್ಲು ಹತ್ತಿರ, ವಯಸ್ಸು 41, ಹತ್ತು ವರ್ಷ ಬೆಂಗಳೂರಲ್ಲಿದ್ದು ಈಗ ವಾಪಸ್ ತೋಟಕ್ಕೆ ಬಂದಿದ್ದೇನೆ. ದೇವಸ್ಥಾನಕ್ಕೆ ಹೋಗುವುದಿಲ್ಲ, ಹರಕೆ ಹೊರುವುದಿಲ್ಲ, ಜಾತಕ ನೋಡಿಸುವುದಿಲ್ಲ. ಹಾಗಂತ ನಾಸ್ತಿಕ ಅಂತ ಹೇಳಿಕೊಳ್ಳಲೂ ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಕೆಲಸದವರು ಬರುವ ಮುಂಚೆ ನಮ್ಮ ದೇವರಕಾಡಿನ ಅಂಚಲ್ಲಿ ಒಂದು ಕಲ್ಲಿದೆ, ಅಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಕೂರುತ್ತೇನೆ. ಮಂತ್ರ ಇಲ್ಲ, ಏನೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಜಿಗಣೆ ಕಾಟಕ್ಕೆ ಅಲ್ಲಿ ಕೂರಲು ಆಗುವುದಿಲ್ಲ, ಆಗ ಕಣದ ಪಕ್ಕದ ಶೆಡ್‌ನಲ್ಲಿ ಕೂತು ಶೀಟಿನ ಮೇಲೆ ಬೀಳುವ ಮಳೆ ಕೇಳುತ್ತೇನೆ. ಅದು ಒಂದು ದಿನ ತಪ್ಪಿದರೆ ಇಡೀ ದಿನ ಸಿಡುಕು. ಬೆಂಗಳೂರಿನ ಗೆಳೆಯರು ಇದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ, 'ಸ್ಪಿರಿಚುಯಲ್ ಬಟ್ ನಾಟ್ ರಿಲೀಜಿಯಸ್' ಅಂತೆ, ಅಂದರೆ ಆಧ್ಯಾತ್ಮ ಉಂಟು, ಧರ್ಮ ಇಲ್ಲ.

ಸಮಸ್ಯೆ ಏನು ಅಂದ್ರೆ, ಹೋದ ವರ್ಷ ಅಪ್ಪ ತೀರಿಕೊಂಡರು. ಐನ್‌ಮನೆಯಲ್ಲಿ, ಅಂದರೆ ನಮ್ಮ ಮನೆತನದ ಮೂಲ ಮನೆಯಲ್ಲಿ, ಸಂಜೆ ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ತೂಗುದೀಪ ಹಚ್ಚುತ್ತಿದ್ದವರು ಅವರೇ. ದೊಡ್ಡಪ್ಪ ಪಟ್ಟೆದಾರರು, ಅಂದರೆ ಮನೆತನದ ಯಜಮಾನರು, ಈಗ ಅವರಿಗೆ ಮಂಡಿನೋವು. 'ಇನ್ನು ನೀನೇ ಹಚ್ಚು, ಕಾರಣ ಕೊಡುಪದ ದಿನ ಮೀದಿ ಇಡುವುದನ್ನೂ ಕಲಿ' ಅಂತಾರೆ. ಕಾರಣ ಕೊಡುಪ ಅಂದರೆ ತೀರಿಹೋದ ಹಿರಿಯರಿಗೆ ಎಡೆ ಕೊಡುವುದು, ಮೀದಿ ಅಂದರೆ ಆ ಎಡೆ. ನಂಬದೆ ಇದನ್ನೆಲ್ಲ ಮಾಡಿದರೆ ಅಪ್ಪನಿಗೆ ಮೋಸ ಮಾಡಿದ ಹಾಗೆ ಅಲ್ವಾ? ಮಾಡುವುದಿಲ್ಲ ಅಂದರೆ ದೊಡ್ಡಪ್ಪನಿಗೆ ನೋವು. ಈ ಥರ ಇರುವವರು ಯಾರಾದರೂ ಇದ್ದರೆ ಹೇಳಿ, ಏನು ಮಾಡಿದಿರಿ?

ಪೊನ್ನಂಪೇಟೆ ಅಕ್ಕ:
ತಮ್ಮಾ, ನೀನು ದೀಪವನ್ನೂ ಧರ್ಮವನ್ನೂ ಒಂದೇ ಗಂಟಿಗೆ ಕಟ್ಟಿದ್ದೀಯ, ಅಲ್ಲೇ ತೊಂದರೆ. ನಮ್ಮ ಕೊಡವರಲ್ಲಿ ಮದುವೆಗೇ ಪುರೋಹಿತರು ಬೇಕಿಲ್ಲ. ಹಿರಿಯರು ಅಕ್ಕಿ ಹಾಕಿ, ಹಾಲು ಕುಡಿಸಿ, ಕೈಗೆ ದುಡ್ಡಿಟ್ಟು ಹರಸಿದರೆ ಮುಗಿಯಿತು. ಗುರುಕಾರಣ ಅಂದರೆ ಒಕ್ಕದ (ಮನೆತನದ) ಮೊದಲ ಅಜ್ಜ. ನೀನು ಅವರ ರಕ್ತ ಹೌದೋ ಅಲ್ಲವೋ ಅಂತ ಕೇಳುತ್ತಾರೆ, ನಂಬುತ್ತೀಯಾ ಅಂತ ಯಾರು ಕೇಳಿದ್ದಾರೆ ಹೇಳು? ನನ್ನನ್ನಂತೂ ಮೂವತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ನಮ್ಮ ಮಾವನವರಿಗೆ ಸಂಜೆ ಒಂದು ಗುಟುಕು ಬೇಕೇ ಬೇಕಿತ್ತು. ಕಾರಣ ಕೊಡುಪದ ದಿನ ಬಾಳೆಲೆಯಲ್ಲಿ ಕೋಳಿ, ಪಂದಿ (ಹಂದಿ ಮಾಂಸ), ಕಡಂಬಿಟ್ಟು (ಅಕ್ಕಿ ತರಿಯ ಉಂಡೆ) ಎಲ್ಲ ಇಟ್ಟು ಪಕ್ಕದಲ್ಲಿ ಒಂದು ಸಣ್ಣ ಗ್ಲಾಸ್ ಇಡುತ್ತೇವೆ. ಅವರು ಬಂದು ಕುಡಿಯುತ್ತಾರೆ ಅಂತ ನಾನೇನೂ ಅಂದುಕೊಂಡಿಲ್ಲ. ಆದರೆ ಆ ಗ್ಲಾಸ್ ಇಡುವಾಗ ಪ್ರತಿ ವರ್ಷ ಅವರ ಬೈಗುಳ ನೆನಪಾಗಿ ನಗು ಬರುತ್ತದೆ, ಆಮೇಲೆ ಕಣ್ಣಲ್ಲಿ ನೀರು. ಅದು ನಾಟಕ ಆದರೆ ಆಗಲಿ ಬಿಡು.

ಇನ್ನೊಂದು, ನೀನು ದೇವರಕಾಡಲ್ಲಿ ಕೂರುತ್ತೀಯಲ್ಲ, ಆ ಕಾಡು ಇನ್ನೂ ಯಾಕೆ ಇದೆ? ಕೊಡಗಲ್ಲಿ 1,200ಕ್ಕಿಂತ ಜಾಸ್ತಿ ದೇವರಕಾಡು ಇವೆ ಅಂತ ಲೆಕ್ಕ. ನಿನ್ನ ಅಜ್ಜನಂಥವರು ಒಳಗೆ ಕತ್ತಿ ಹಾಕಬಾರದು ಅಂತ ಹೆದರಿಕೊಂಡಿದ್ದಕ್ಕೆ ಅಷ್ಟಾದರೂ ಉಳಿದಿದೆ. ಅವರ ನಂಬಿಕೆಯ ನೆರಳಲ್ಲಿ ಕೂತು ನನಗೆ ನಂಬಿಕೆ ಇಲ್ಲ ಅಂತೀಯ. ಕೋಪ ಮಾಡಿಕೊಳ್ಳಬೇಡ.

ತೋಟದಮನೆ:
ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ. ಈ ಒಂಟಿ ಆಧ್ಯಾತ್ಮ ಹೊಟ್ಟೆ ತುಂಬಿದವರ ವಿಷಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಮ್ಮ ಮನೆಯ ಹಿಂದಿನ ಮಣ್ಣಿನ ಬರೆ (ದಿಬ್ಬ) ಪೂರ್ತಿ ಕೆಳಗೆ ಬಂತು, ಉಟ್ಟ ಬಟ್ಟೆಯಲ್ಲಿ ಓಡಿದೆವು. ಒಂಬತ್ತು ದಿನ ಕಲ್ಯಾಣ ಮಂಟಪದಲ್ಲಿ ಮಲಗಿದ್ದೆವು. ಅಲ್ಲಿ ಅನ್ನ ಬೇಯಿಸಿದವರು ದೇವಸ್ಥಾನದ ಕಮಿಟಿಯವರು, ಕಂಬಳಿ ತಂದವರು ಮಸೀದಿ ಕಡೆಯ ಹುಡುಗರು, ಅಮ್ಮನಿಗೆ ಶುಗರ್ ಮಾತ್ರೆ ಹುಡುಕಿ ತಂದುಕೊಟ್ಟವರು ಚರ್ಚಿನ ಸಿಸ್ಟರ್. ಕಲ್ಲಿನ ಮೇಲೆ ಕೂತು ಧ್ಯಾನ ಮಾಡುವವರ ಸಂಘದಿಂದ ಯಾರೂ ಬರಲಿಲ್ಲ, ಯಾಕಂದರೆ ಅಂಥ ಸಂಘವೇ ಇಲ್ಲ. ಧರ್ಮದಲ್ಲಿ ಜಗಳ ಇದೆ, ಕೊಳಕು ಇದೆ, ಒಪ್ಪುತ್ತೇನೆ. ಆದರೆ ದೊಡ್ಡ ಪಾತ್ರೆ, ಸೌಟು, ಹತ್ತು ಜನ ಆಳು ಇರುವುದೂ ಅಲ್ಲೇ.

ಧರ್ಮ ಬೇಡ ಅಂದವರು ಏನೂ ಇಲ್ಲದೆ ಇರುತ್ತಾರಾ? ಅದೂ ಇಲ್ಲ. ಈಗ ಹೋಮ್‌ಸ್ಟೇಗಳಲ್ಲಿ ವೀಕೆಂಡ್ ಬಂದರೆ ಸೌಂಡ್ ಹೀಲಿಂಗ್ ಅಂತೆ, ಹಿತ್ತಾಳೆ ಬಟ್ಟಲು ಬಾರಿಸುವುದಕ್ಕೆ ಸಾವಿರಾರು ರೂಪಾಯಿ. ನಮ್ಮ ಪೂಜಾರಿ ತಟ್ಟೆಗೆ ಹತ್ತು ರೂಪಾಯಿ ಹಾಕಿದರೂ ಸುಮ್ಮನಿರುತ್ತಾರೆ.

ದೀಪ ಹಚ್ಚಿ, ಸಾಕು. ಇಷ್ಟು ಯೋಚನೆ ಬೇಡ.

ಕುಶಾಲನಗರ ಬಸ್:
ತೋಟದಮನೆಯವರ ಮಾತು ಅರ್ಧ ಸರಿ. ನಾನು ಅಪ್ಪಟ 'ಯಾವುದಕ್ಕೂ ಸೇರದವನು' ಅಂತ ಬೀಗುತ್ತಿದ್ದವನು. ಬೈಲುಕುಪ್ಪೆಯ ಟಿಬೆಟನ್ ಬೌದ್ಧರ ಗೋಲ್ಡನ್ ಟೆಂಪಲ್‌ಗೆ ನೂರು ಸಲ ಹೋಗಿದ್ದೇನೆ, ಜಾಸ್ತಿ ಮೊಮೊ ತಿನ್ನುವುದಕ್ಕೆ. ನಾಲ್ಕು ವರ್ಷದ ಹಿಂದೆ ಡಿವೋರ್ಸ್ ಆದ ಮೇಲೆ ಯಾರೋ ಹೇಳಿದರು ಅಂತ ವಿಪಶ್ಯನ ಅನ್ನುವ ಧ್ಯಾನದ ಹತ್ತು ದಿನದ ಕೋರ್ಸಿಗೆ ಹೋದೆ. ಅದು ಎಸ್.ಎನ್. ಗೋಯೆಂಕಾ ಅನ್ನುವ ಧ್ಯಾನ ಗುರು ಬರ್ಮಾದಲ್ಲಿ ಕಲಿತು 1969ರಲ್ಲಿ ಇಲ್ಲಿಗೆ ತಂದದ್ದು. ಫೀಸ್ ಇಲ್ಲ, ಮುಗಿದ ಮೇಲೆ ಇಷ್ಟ ಇದ್ದರೆ ದಾನ. ಇದು ಯಾವ ಧರ್ಮಕ್ಕೂ ಸೇರಿದ್ದಲ್ಲ ಅಂತ ಮೊದಲೇ ಹೇಳುತ್ತಾರೆ.

ಒಳಗೆ ಹೋದ ಮೇಲೆ ನೋಡಿದರೆ ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಮಾತಾಡುವ ಹಾಗಿಲ್ಲ, ಫೋನ್ ಇಲ್ಲ, ಪುಸ್ತಕ ಇಲ್ಲ, ರಾತ್ರಿ ಊಟ ಇಲ್ಲ, ಟೇಪಿನಲ್ಲಿ ಪಾಲಿ ಭಾಷೆಯ ಪಠಣ. ಮೂರನೇ ದಿನ ಮಂಡಿ ಕಿತ್ತು ಬರುವ ಹಾಗೆ ನೋವು, ಬ್ಯಾಗ್ ಕಟ್ಟಿಟ್ಟಿದ್ದೆ. ನಮ್ಮ ಯಾವ ಜಾತ್ರೆಯ ಕಟ್ಟುಪಾಡೂ ಇಷ್ಟು ಬಿಗಿ ಇಲ್ಲ ಮಾರಾಯ್ರೇ! ಆದರೆ ಉಳಿದೆ, ಏಳನೇ ದಿನ ಏನೋ ಸಡಿಲ ಆಯಿತು, ಜೋರಾಗಿ ಅತ್ತೆ. ಯಾಕೆ ಅಂತ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿ ನೋಡಿ, ಅವರನ್ನು ಜಗದ್ಗುರು ಮಾಡಲು ಕಟ್ಟಿದ್ದ ಸಂಘವನ್ನು 1929ರಲ್ಲಿ ತಾವೇ ವಿಸರ್ಜಿಸಿದರು. ಸತ್ಯಕ್ಕೆ ದಾರಿ ಅನ್ನುವುದೇ ಇಲ್ಲ ಅಂದರು. ಆಮೇಲೆ ಅವರ ಹೆಸರಲ್ಲೂ ಫೌಂಡೇಶನ್ ಆಯಿತು, ಶಾಲೆಗಳಾದವು. ತಪ್ಪು ಅಂತಲ್ಲ. ನಾಲ್ಕು ಜನ ಒಟ್ಟಿಗೆ ಕೂತರೆ ಚಾಪೆ ಯಾರು ಹಾಸಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅಷ್ಟೇ.

ಮಳೆಗಾಲದವನು:
ಅಕ್ಕಾ, ಕೋಪ ಇಲ್ಲ. ದೇವರಕಾಡಿನ ಮಾತು ಮಾತ್ರ ಚುಚ್ಚಿತು. ಒಳಗೆ ಅಯ್ಯಪ್ಪನಿಗೆ ಹರಕೆ ಕೊಟ್ಟ ಮಣ್ಣಿನ ನಾಯಿಗಳ ಸಾಲಿದೆ, ಕೆಲವಕ್ಕೆ ಕಿವಿ ಮುರಿದಿದೆ, ಮೇಲೆಲ್ಲ ಪಾಚಿ. ದಿನಾ ಅವನ್ನು ನೋಡಿಕೊಂಡೇ ಕೂರುತ್ತೇನೆ, ಯಾರು ಇಟ್ಟಿದ್ದು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಮಗಳು ಐದನೇ ಕ್ಲಾಸು. ಶಾಲೆಯ ಫಾರಂನಲ್ಲಿ ಧರ್ಮದ ಕಾಲಂ ಬರುತ್ತದಲ್ಲ, ಅಲ್ಲಿ ಏನು ಬರೆಯುತ್ತೀರಿ?

ಸಿದ್ದಾಪುರದ ಸೊಸೆ:
ನಾನು ಹುಟ್ಟಿದ್ದು ಗೌಡರ ಮನೆ, ಗಂಡ ಕ್ರಿಶ್ಚಿಯನ್. ಯಾರೂ ಮತಾಂತರ ಆಗುವುದು ಬೇಡ ಅಂತ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆದೆವು. ಮೂವತ್ತು ದಿನ ನೋಟಿಸ್ ಬೋರ್ಡ್‌ನಲ್ಲಿ ನಮ್ಮ ಹೆಸರು, ಊರಿಗೆಲ್ಲ ಅದೇ ಸುದ್ದಿ. ಮಗನ ಫಾರಂನಲ್ಲಿ ಆ ಕಾಲಂ ಖಾಲಿ ಬಿಟ್ಟೆ. ಕ್ಲರ್ಕ್ ನನ್ನ ಮುಖ ನೋಡಿದರು, ಗಂಡನ ಹೆಸರು ನೋಡಿದರು, ತಾವೇ ಏನೋ ತುಂಬಿಕೊಂಡರು. ಜಗಳ ಮಾಡಲು ಹೋಗಲಿಲ್ಲ, ಮನೆಯಲ್ಲಿ ಒಲೆ ಮೇಲೆ ಹಾಲಿತ್ತು. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಅಂತ 28 ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ, ಅಂದರೆ ನೂರಕ್ಕೆ ಒಬ್ಬರೂ ಇಲ್ಲ, ಸುಮಾರು ಶೇಕಡಾ 0.24. ನೀವೊಬ್ಬರೇ ಅಲ್ಲ, ಆದರೆ ಜಾಸ್ತಿ ಜನವೂ ಇಲ್ಲ.

ಮಗ ಹುತ್ತರಿ ಸುಗ್ಗಿ ಹಬ್ಬಕ್ಕೆ ಅಕ್ಕಪಕ್ಕದವರ ಜೊತೆ ಗದ್ದೆಗೆ ಹೋಗಿ 'ಪೊಲಿ ಪೊಲಿ ದೇವಾ' (ಹೆಚ್ಚಲಿ ದೇವಾ) ಅಂತ ಗಂಟಲು ಹರಿಯುವ ಹಾಗೆ ಕೂಗಿ ಬರುತ್ತಾನೆ, ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ಗೋದಲಿ ಕಟ್ಟುತ್ತಾನೆ. ಅವನಿಗೆ ಯಾವ ಗೊಂದಲವೂ ಇಲ್ಲ, ನಮಗೇ ಇರುವುದು.

ಮಳೆಗಾಲದವನು:
ನಿನ್ನೆ ಸಂಜೆ ಹಚ್ಚಿದೆ, ಅದಕ್ಕೆ ಬರೆಯುತ್ತಿದ್ದೇನೆ. ಪ್ರಾರ್ಥನೆ ಏನೂ ಮಾಡಲಿಲ್ಲ, ಏನು ಹೇಳಬೇಕು ಅಂತಲೂ ಗೊತ್ತಾಗಲಿಲ್ಲ. ಬತ್ತಿ ಹೊಸೆಯಲು ಸರಿಯಾಗಿ ಬರುವುದಿಲ್ಲ, ಎರಡು ಸಲ ಆರಿತು. ಅಪ್ಪ ಹಚ್ಚಿದ ಮೇಲೆ ಕೈಯ ಎಣ್ಣೆಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದರು, ಅವ್ವ ಯಾವಾಗಲೂ ಅದಕ್ಕೆ ಬೈಯುತ್ತಿದ್ದರು. ನೋಡಿದರೆ ನನ್ನ ಕೈಯೂ ತಾನಾಗಿ ತಲೆಗೇ ಹೋಗಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಬೆಳಿಗ್ಗೆ ಕಲ್ಲಿನ ಮೇಲೆ ಕೂತ ಹಾಗೇ ಇತ್ತು.

ದೊಡ್ಡಪ್ಪ ಕುರ್ಚಿಯಿಂದಲೇ ನೋಡುತ್ತಿದ್ದರು. 'ಎಣ್ಣೆ ಜಾಸ್ತಿ ಹಾಕಿದ್ದೀಯ' ಅಂದರು.